ಕೇಳಿಸಬಾರದ ಸ್ವರ

ಅವಳು ವೈರ್‌ಲೆಸ್ ಸೆಟ್ಟನ್ನು ಅವನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸ್ಕ್ರೂ ಡಬ್ಬಿ ಉರುಳಿ ನೆಲದ ತುಂಬ ಚೆಲ್ಲಿತು.

"ಹೊಗೆಯೊಳಗಿಂದ ನಮ್ಮಣ್ಣ ಕೂಗ್ತಾನೇ ಇದ್ದ. ಹೊರಗಿದ್ದ ಒಂದು ಸೆಟ್ಟೂ ಬಾಯಿ ಬಿಡ್ಲಿಲ್ಲ. ಏನು ಮಾಡಿದ್ರಿ ಇದಕ್ಕೆ?"

ಅವನು ತಲೆ ಎತ್ತಲಿಲ್ಲ. ಸೆಟ್ಟಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವ, ಮಾತೇ ಕಡಿಮೆಯ ಅವನನ್ನು ಕಾರ್ಖಾನೆಯವರೆಲ್ಲ ಗುಮ್ಮ ಎನ್ನುತ್ತಿದ್ದರು. ಧ್ವನಿ ಪರೀಕ್ಷಿಸುವ ಅವಳು ಕಿವಿಯಮ್ಮ. ಅವಳಣ್ಣ ಅಗ್ನಿಶಾಮಕ ದಳದವನು. ಜೊತೆಗಾರರು ಅನುಮಾನ ಬಂದು ಒಳಗೆ ನುಗ್ಗಿದ್ದರಿಂದ, ಕೈ ಸುಟ್ಟುಕೊಂಡರೂ ಬದುಕಿ ಬಂದಿದ್ದ.

"ಸ್ವರ ಕಡಿಮೆ ಮಾಡಿದ್ದೆ," ಅಂದ.

ಅವಳ ಮೈಯೆಲ್ಲ ಉರಿದುಹೋಯಿತು. ಮಾತನ್ನು ರೇಡಿಯೊ ಅಲೆಯ ಮೇಲೆ ಏರಿಸುವಾಗ ಚಿಪ್ಪು ಅದರ ಜೊತೆಗೇ ಒಂದು ತಗ್ಗಿದ ಸ್ವರವನ್ನೂ ಬೆರೆಸಿ ಕಳಿಸುತ್ತದೆ. ಅದು ಮನುಷ್ಯರ ಕಿವಿಗೆ ಕೇಳಿಸಬಾರದು. ಆದರೆ ಎದುರಿನ ಸೆಟ್ಟು ಅದನ್ನು ಗುರುತಿಸಿದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಆ ಸ್ವರ ಸೊರಗಿದರೆ, ಎಷ್ಟು ಅರಚಿಕೊಂಡರೂ ಅಷ್ಟೇ.

ಯಾರು ಹೇಳಿದರೆಂದು ಕೇಳಿದಳು. ಅವನು ಬಗ್ಗಿ ಸ್ಕ್ರೂ ಹೆಕ್ಕತೊಡಗಿದ.

ಕಲ್ಲು ಮನಸ್ಸಿನವನು... ಇವನನ್ನೇ ಅಲ್ಲವೇ ಊಟದ ಹೊತ್ತಿನಲ್ಲಿ ಕದ್ದು ಕದ್ದು ನೋಡುತ್ತಿದ್ದದ್ದು! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಕರೆದರು. ಮಾತಿನ ಹಿಂದೆ ಆ ಸ್ವರ ಗುಂಯ್‌ಗುಡುವುದು ಹಿಡಿಸದೆ ತಾನಾಗಿಯೇ ಹೀಗೆ ಮಾಡಿದೆ ಎಂದು ಒಪ್ಪಿಕೊಂಡು ಅವನು ಕೆಲಸ ಬಿಡುತ್ತಿದ್ದಾನಂತೆ.

ಗುಂಯ್‌ಗುಡುತ್ತದೆಂದು ಮೂಗು ಮುರಿದವಳು ಅವಳೇ! ಬೇರೆ ಯಾರಿಗೂ ಕೇಳಿಸದ ಆ ಸದ್ದು ತನ್ನ ತಲೆ ತಿನ್ನುತ್ತಿದೆ ಎಂದು ಅವನೆದುರು ಗೊಣಗಿದ್ದಳು. ಮರುದಿನ ಸದ್ದು ಮಾಯ. ಖುಷಿಯಾಗಿ, ಎರಡು ಸೆಟ್ಟುಗಳನ್ನು ಒಂದೇ ಕೋಣೆಯಲ್ಲಿಟ್ಟು ಕೇಳಿ ಪಾಸು ಮಾಡಿದ್ದಳು. ಅಲೆ ಕುಗ್ಗುವ ದಪ್ಪ ಗೋಡೆಗಳಾಚೆ ಒಯ್ದು ನೋಡಿರಲಿಲ್ಲ.

ಮ್ಯಾನೇಜರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಅಲ್ಲಿಲ್ಲದ ಅವನನ್ನೂ ಸೇರಿಸಿ ಬೈದು, ಅಷ್ಟೂ ಸೆಟ್ಟು ವಾಪಸ್ ಬಂದು ಸರಿಯಾಗುವವರೆಗೆ ಯಾರೂ ಕೆಲಸ ಬಿಡುವಂತಿಲ್ಲ ಎಂದರು. ಅವಳು ಸೈಕಲ್ ಸ್ಟ್ಯಾಂಡಿಗೆ ಓಡಿ ಅವನನ್ನು ತಡೆದಳು.

"ನನ್ನ ತಪ್ಪನ್ನ ನನ್ನ ಕೇಳದೆ ಹೊತ್ಕೊಳ್ಳೋಕೆ ನೀವ್ಯಾರು?"

"ಅಣ್ಣನ ಕೈ ನೋಡಿದಾಗೆಲ್ಲ ನಿಮಗೆ ಅದೇ ಚುಚ್ಚೋದು ಬೇಡ ಅನ್ನಿಸ್ತು."

"ಅವತ್ತೇ ಆಗಲ್ಲ ಅಂದಿದ್ರೆ ಅವನ ಕೈ ಸುಡ್ತಿರ್ಲಿಲ್ಲ. ಯಾಕೆ ಅನ್ಲಿಲ್ಲ?"

ಅವನು ಸೈಕಲ್ಲನ್ನು ಮತ್ತೆ ಸ್ಟ್ಯಾಂಡಿಗೆ ಒರಗಿಸಿದ.

"ನೀವು ಏನಾದ್ರೂ ಕೇಳಿದ್ರೆ... ಇಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ. ನಿಮ್ಮನ್ನ ಅಷ್ಟು ಇಷ್ಟಪಟ್ಟಿದ್ದೀನಿ."

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಈಗ, ಇಂಥ ಹೊತ್ತಿನಲ್ಲಿ! ಅವಳ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

"ಅಂಥ ಇಷ್ಟ ನನಗೆ ಬೇಡ. ನಾನು ತಪ್ಪು ಅಂದ್ರೆ ತಪ್ಪು ಅನ್ಬೇಕು. ನಾನೀಗ ಅಣ್ಣನ ಹತ್ರ ಹೋಗಿ ನಿಜ ಹೇಳ್ತೀನಿ. ನೀವು ಇಲ್ಲೇ ಇರಿ."

"ಇಲ್ಲ," ಅಂದ ಅವನು. "ನಾನೂ ಬರ್ತೀನಿ."

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಡೀರಿ ಮತ್ತೆ. ಅವನು ಚೆನ್ನಾಗಿ ಬೈತಾನೆ."

"ಬೈಲಿ. ನೀವು ಕೈ ಬಿಡ್ಬೇಡಿ."