ಬ್ರೆಕೆ ಹಿತ್ತಲಿನ ನೇರ ದಾರಿ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಯಾರೋ ಬಾಗಿಲನ್ನು ದಬದಬ ಬಡಿದ ಸದ್ದಿಗೆ ಓರ್ವಿಲ್ ನೈಗಾರ್ಡ್ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಅವರು ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಅವರ ಬೆಳಗಿನ ಕಾಫಿಯೆಲ್ಲ ಪಕ್ಕದ ಮನೆಯ ಆರ್ಡಿಸ್ ಟಾಲೆಫ್ಸನ್ ಅವರ ಅಡುಗೆಮನೆಯಲ್ಲೇ. ಆರ್ಡಿಸ್ ಮೂವತ್ತು ವರ್ಷ ಆ ಬೀದಿಯಲ್ಲಿ ಅಂಚೆ ಹಂಚಿದವರು. ಟ್ಯಾಮರಾಕ್ ಬೀದಿಯಲ್ಲಿ ಬೆಕ್ಕು ಕಾಣೆಯಾದರೂ ಸರಿ, ಬೇಲಿ ಮುರಿದರೂ ಸರಿ, ಜನ ಮೊದಲು ಬರುತ್ತಿದ್ದುದು ಆಕೆಯ ಬಾಗಿಲಿಗೆ. ಪೊಲೀಸರ ನೆನಪಾಗುತ್ತಿದ್ದುದು ಆಮೇಲೆ.

ಬಾಗಿಲಲ್ಲಿ ನಿಂತಿದ್ದವಳು ಮಾರೆನ್ ಕಿವೆಲಾ. ಹದಿನೈದು ವರ್ಷದ ಹುಡುಗಿ. ಚಳಿಗಾಲದಲ್ಲಿ ಬೀದಿಯ ಏಳು ಮನೆಗಳ ಹಿಮ ಎತ್ತುವವಳು, ಬೇಸಿಗೆಯಲ್ಲಿ ಅದೇ ಏಳು ಮನೆಗಳ ಹುಲ್ಲು ಕತ್ತರಿಸಿ ಕಳೆ ಕೀಳುವವಳು ಅವಳೇ. ಕೈಯಲ್ಲಿ ಸಲಿಕೆ ಇತ್ತು, ರೆಪ್ಪೆಯ ಮೇಲೆ ಕಣ್ಣೀರು ಹೆಪ್ಪುಗಟ್ಟಿತ್ತು.

"ನಾನು ಕದ್ದಿಲ್ಲ!" ಅಂದಳು.

"ಮೊದ್ಲು ಬೂಟು ಬಿಚ್ಚು," ಅಂದರು ಆರ್ಡಿಸ್. "ಕಳ್ಳಿ ಆದ್ರೂ ಸರಿ, ಸಾಧ್ವಿ ಆದ್ರೂ ಸರಿ, ನನ್ನ ನೆಲ ಒದ್ದೆ ಮಾಡೋ ಹಾಗಿಲ್ಲ. ಈಗ ಹೇಳು."

ಕಳುವಾಗಿದ್ದುದು ಇಡೆಲಾ ಬ್ರೆಕೆ ಅವರ ಬೆಳ್ಳಿಯ ಬ್ರೋಚ್. ಅವರ ಅಜ್ಜಿ ನಾರ್ವೆಯಿಂದ ಬರುವಾಗ ಎದೆಯ ಮೇಲೆ ಚುಚ್ಚಿಕೊಂಡು ಬಂದದ್ದು. ಶನಿವಾರ ರಾತ್ರಿ ಮಿಸೆಸ್ ಬ್ರೆಕೆ ಅದನ್ನು ಉಜ್ಜಿ ಹೊಳಪು ಕೊಟ್ಟು ಅಡುಗೆಮನೆಯ ಮೇಜಿನ ಮೇಲಿಟ್ಟು ಮಲಗಿದ್ದರು. ಬೆಳಿಗ್ಗೆ ನೋಡಿದರೆ ಮೇಜು ಖಾಲಿ. ವರ್ಷದ ಮೊದಲ ದೊಡ್ಡ ಹಿಮ ರಾತ್ರಿಯಿಡೀ ಸುರಿದು ಐದು ಗಂಟೆಗೆ ನಿಂತಿತ್ತು. ಹಿತ್ತಲ ಗೇಟಿನಿಂದ ಹಿಂಬಾಗಿಲಿನವರೆಗೆ ಹಿಮ ಎತ್ತಿದ ಒಂದೇ ಒಂದು ದಾರಿ. ಮನೆಯ ಸುತ್ತ ಬೇರೆಲ್ಲೂ ಒಂದು ಹೆಜ್ಜೆಯ ಗುರುತಿಲ್ಲ.

"ಅವರ ಮನೇಲಿ ಹಿಮ ಎತ್ತೋದು ನಾನೇ. ಹಿಂಬಾಗಿಲ ಕೀಲಿ ಹೂಕುಂಡದ ಕೆಳಗಿರುತ್ತೆ ಅಂತ ಗೊತ್ತಿರೋಳೂ ನಾನೇ," ಮಾರೆನ್ ಬಿಕ್ಕಿದಳು. "ಹತ್ತು ಗಂಟೆಯೊಳಗೆ ತಂದುಕೊಡದಿದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ ಅಂತಾರೆ, ನಿನ್ನೆ ರಾತ್ರಿ ಹಿಮ ಬೀಳ್ತಾ ಇರುವಾಗ ಬಂದು ಉಳ್ಕೊಂಡಿರೋ ಅವರ ಅಣ್ಣನ ಮಗ. ಪಕ್ಕದ ಮನೆ ಮಿಸ್ಟರ್ ರಸ್ಕ್ ಆಗ್ಲೇ ಎರಡು ಮನೇಲಿ ಹೇಳಿಬಿಟ್ಟಿದಾರೆ, ಆ ಹುಡುಗೀನ ಒಳಗೆ ಬಿಟ್ಕೋಬೇಡಿ ಅಂತ."

"ಇವತ್ತು ಅಲ್ಲಿ ಹಿಮ ಎತ್ತಿದವಳು ನೀನೇನಾ?"

"ಅಲ್ಲ. ಬೀದಿಯ ಆ ಕೊನೆಯಿಂದ ಶುರು ಮಾಡಿದ್ದೆ. ಏಳೂವರೆಗೆ ಅವರ ಗೇಟಿಗೆ ಬಂದಾಗ ಯಾರೋ ಎತ್ತಿಬಿಟ್ಟಿದ್ರು. ಯಾರೋ ಪುಣ್ಯಾತ್ಮರು ಅಂದ್ಕೊಂಡು ಮುಂದಿನ ಮನೆಗೆ ಹೋದೆ."

ಬೇರೆ ಊರಿನವರಿಗೆ ಇದು ಕಟ್ಟುಕತೆಯಂತೆ ಕೇಳಬಹುದು, ಟ್ಯಾಮರಾಕ್ ಬೀದಿಯಲ್ಲಿ ಅಲ್ಲ. ನೆರೆಯವರು ಏಳುವ ಮುಂಚೆ ಅವರ ದಾರಿಯ ಹಿಮ ಎತ್ತಿ ಸದ್ದಿಲ್ಲದೆ ಹೋಗುವುದು ಅಲ್ಲಿನ ಪದ್ಧತಿ. ಎತ್ತಿದವರು ಹೇಳಿಕೊಳ್ಳುವುದಿಲ್ಲ, ಎತ್ತಿಸಿಕೊಂಡವರು ಕೇಳುವುದಿಲ್ಲ. ಹೋದ ವರ್ಷ ಓರ್ವಿಲ್ ಹೀಗೆ ಎರಡು ಮನೆಗಳ ಹಿಮ ಎತ್ತಿ, ಮೂರು ದಿನ ಮಂಡಿಗೆ ಶಾಖ ಕೊಟ್ಟುಕೊಂಡು ಬಿದ್ದಿದ್ದರು. ಆದರೂ ತುಟಿ ಬಿಚ್ಚಿರಲಿಲ್ಲ.

ಓರ್ವಿಲ್ ಕಪ್ಪನ್ನು ಕೆಳಗಿಟ್ಟರು. ಎರಡು ವರ್ಷದ ಹಿಂದೆ ಇವಳನ್ನು ಮನೆಮನೆಗೆ ಕರೆದುಕೊಂಡು ಹೋಗಿ, "ಒಳ್ಳೆ ಹುಡುಗಿ, ನಾನು ಜವಾಬ್ದಾರಿ" ಎಂದು ಹೇಳಿದ್ದವರು ಅವರೇ. ಇಂದು ಇವಳ ಹೆಸರು ಕೆಟ್ಟರೆ, ಈ ಸಣ್ಣ ಊರಿನಲ್ಲಿ ಅದು ಮತ್ತೆ ಸರಿಹೋಗುವುದಿಲ್ಲ.

"ಕೋಟು ಹಾಕ್ಕೊಳ್ಳಿ ಮೇಷ್ಟ್ರೇ," ಅಂದರು ಆರ್ಡಿಸ್. "ಅಂಗಿ ಮೇಲಿನ ಕಾಫಿ ಯಾರಿಗೂ ಕಾಣಲ್ಲ."

ಮಾರೆನ್‌ಳನ್ನು ಗೇಟಿನ ಹೊರಗೆ ನಿಲ್ಲಿಸಿ ಆರ್ಡಿಸ್, ಓರ್ವಿಲ್ ಇಬ್ಬರೂ ಬ್ರೆಕೆಯವರ ಹಿತ್ತಲನ್ನು ಹೊಕ್ಕರು. ಎತ್ತಿದ ದಾರಿ ಗೇಟಿನಿಂದ ಮೆಟ್ಟಿಲಿಗೆ ದಾರ ಹಿಡಿದಷ್ಟು ನೇರವಾಗಿತ್ತು. ಅದರ ಮೇಲೆಲ್ಲ, ಉಳಿದ ಹಿಮ ಕರಗಲೆಂದು ಎರಚುವ ದಪ್ಪ ಕಾಳಿನ ಉಪ್ಪು. ಆಕೆ ಬಗ್ಗಿ ಪಕ್ಕದ ಹಿಮದ ಗುಡ್ಡೆಯಿಂದ ಒಂದು ಹಿಡಿ ಎತ್ತಿದರು. ಅದರಲ್ಲಿ ಬೇರುಸಮೇತ ಕಿತ್ತ ಹುಲ್ಲು ಇತ್ತು. ಮೆಟ್ಟಿಲ ಪಕ್ಕದಲ್ಲಿ, ಕಾಲು ಜಾರದಂತೆ ಎರಚಲು ಇಟ್ಟ ಮರಳಿನ ಬಕೆಟ್ಟಿನ ಮುಚ್ಚಳದ ಮೇಲೆ ಗೇಣುದ್ದ ಹಿಮ ಹಾಗೇ ಕೂತಿತ್ತು. ಗೇಟಿನಾಚೆಯ ಓಣಿಯಲ್ಲಿ ಮಿಸೆಸ್ ಬ್ರೆಕೆಯವರ ಅಣ್ಣನ ಮಗ ಕ್ಲೇಟನ್ ಸೋರಮ್‌ನ ಕಾರು ನಿಂತಿತ್ತು. ಕಾರೆಲ್ಲ ಹಿಮದಲ್ಲಿ ಹೂತಿದ್ದರೂ ಡಿಕ್ಕಿಯ ಮೇಲೆ ಮಾತ್ರ ಹಿಮ ಇರಲಿಲ್ಲ.

"ಏನಾದ್ರೂ ಹೊಳೀತಾ?" ಓರ್ವಿಲ್ ಕೇಳಿದರು.

"ನಿಮಗೆ ಹೊಳೀಲಿಲ್ವಾ? ನೀವೂ ಇದನ್ನೆಲ್ಲ ನೋಡಿದ್ರಲ್ಲ."

ಓರ್ವಿಲ್‌ಗೆ ಹೊಳೆದಿದ್ದು ತಮ್ಮ ಮಂಡಿ ನೋಯುತ್ತಿದೆ ಎಂಬುದೊಂದೇ. ಆದರೆ ಆರ್ಡಿಸ್ ಕೈಗವಸಿನಲ್ಲಿ ಕೈ ತಟ್ಟಿಕೊಂಡ ರೀತಿ ನೋಡಿ ಅವರಿಗೆ ಧೈರ್ಯ ಬಂತು.

ಒಂಬತ್ತೂವರೆಗೆ ಎಲ್ಲರೂ ಬ್ರೆಕೆಯವರ ಅಡುಗೆಮನೆಯಲ್ಲಿ ಸೇರಿದರು. ಎಂಬತ್ತು ವರ್ಷದ ಮಿಸೆಸ್ ಬ್ರೆಕೆ ಹೂಕುಂಡದ ಕೆಳಗಿನ ಕೀಲಿಯನ್ನು ಈಗ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದರು. ವೆಂಡೆಲ್ ರಸ್ಕ್ ತೋಳು ಕಟ್ಟಿ ನಿಂತಿದ್ದ. ನಲವತ್ತು ದಾಟಿದ ಕ್ಲೇಟನ್ ಚಪ್ಪಲಿಯಲ್ಲಿ, ನಿದ್ದೆಗಣ್ಣಲ್ಲಿ ಕೂತಿದ್ದ.

"ನೀವಿವತ್ತು ಹೊರಗೆ ಹೋಗಿದ್ರಾ?" ಆರ್ಡಿಸ್ ಅವನನ್ನು ಕೇಳಿದರು.

"ಈ ಚಳೀಲಾ? ಅತ್ತೆ ಕೂಗಿದ ಮೇಲೇ ಹಾಸಿಗೆ ಬಿಟ್ಟಿದ್ದು. ಆಮೇಲೆ ಬಾಗಿಲಾಚೆ ಕಾಲಿಟ್ಟಿಲ್ಲ."

"ಸರಿ. ಮಾರೆನ್, ನಿನ್ನ ಸಲಿಕೆ ತಗೊಂಡು ಹಿತ್ತಲಿಗೆ ಹೋಗು. ಹಿಮ ಎತ್ತದೆ ಇರೋ ಜಾಗದಲ್ಲಿ, ಈ ಹಿತ್ತಲ ಕಲ್ಲುದಾರಿ ಎಲ್ಲಿದೆ ಅಂತ ತೋರಿಸು."

ಎಲ್ಲರೂ ಕಿಟಕಿಗೆ ಬಂದರು. ಮಾರೆನ್ ಎತ್ತಿದ ದಾರಿಯನ್ನು ಬಿಟ್ಟು ಎಡಕ್ಕೆ, ಕಣಕಾಲು ಮುಳುಗುವ ಹಿಮದಲ್ಲಿ ಹತ್ತು ಹೆಜ್ಜೆ ನಡೆದಳು. ಅತ್ತಿತ್ತ ನೋಡಲೂ ಇಲ್ಲ, ಸಲಿಕೆ ಊರಿದಳು. ಠಣ್ಣೆಂದು ಕಲ್ಲಿನ ಸದ್ದು ಬಂತು. ಎರಡು ಹೆಜ್ಜೆ ಮುಂದೆ ಮತ್ತೆ ಠಣ್. ದಾರಿ ಗುಲಾಬಿ ಪಾತಿಯನ್ನು ದೊಡ್ಡದಾಗಿ ಬಳಸಿ ಹೋಗಿತ್ತು.

"ಬೇಸಿಗೆಯೆಲ್ಲ ಆ ಕಲ್ಲುಗಳ ನಡುವೆ ಮಂಡಿಯೂರಿ ಕಳೆ ಕಿತ್ತವಳು," ಅಂದರು ಆರ್ಡಿಸ್. "ಕಣ್ಣು ಕಟ್ಟಿ ಬಿಟ್ರೂ ಆ ದಾರೀಲೇ ಹಿಮ ಎತ್ತುತ್ತಾಳೆ. ಇವತ್ತು ಎತ್ತಿದವರು ಹುಲ್ಲುಹಾಸಿನ ಮೇಲೇ ನೇರ ಹೋಗಿದಾರೆ. ಸಲಿಕೆಗೆ ಹುಲ್ಲು ಕಿತ್ಕೊಂಡು ಬಂದಿದೆ. ಮೇಲೆ ಉಪ್ಪು ಬೇರೆ. ಇಡೆಲಾ, ನಿಮ್ಮನೇಲಿ ಹಿಮಕ್ಕೆ ಉಪ್ಪು ಹಾಕ್ತೀರಾ?"

"ಗುಲಾಬಿ ಬೇರು ಸುಟ್ಟುಹೋಗುತ್ತೆ, ಉಪ್ಪು ಬೇಡ, ಮರಳು ಹಾಕೋಣ ಅಂದವಳು ಮಾರೆನ್ನೇ," ಮಿಸೆಸ್ ಬ್ರೆಕೆಯ ದನಿ ಸಣ್ಣಗಾಯಿತು.

"ಆ ಮರಳಿನ ಬಕೆಟ್ಟನ್ನ ಇವತ್ತು ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಕಳ್ಳ ನಾನಾ?" ರಸ್ಕ್ ಸಿಡುಕಿದ. "ಈ ಹಿತ್ತಲು ಹದಿನೆಂಟು ವರ್ಷದಿಂದ ಬೇಲಿಯಾಚೆಯಿಂದ ನೋಡ್ತಿದೀನಿ. ದಾರಿ ಬಳಸಿ ಹೋಗುತ್ತೆ ಅಂತ ನನಗೂ ಗೊತ್ತು!"

"ಅದಕ್ಕೇ ನೀವಲ್ಲ. ಬಾಯಿ ಸ್ವಲ್ಪ ದೊಡ್ಡದು, ಅಷ್ಟೆ." ಆರ್ಡಿಸ್ ಕುರ್ಚಿ ಎಳೆದುಕೊಂಡು ಕೂತರು. "ಕದ್ದವರು ಮನೆಯೊಳಗೇ ಇದ್ದರು. ಬೆಳಿಗ್ಗೆ ಕಿಟಕೀಲಿ ನೋಡಿದ್ರೆ ಹಿಮದ ಮೇಲೆ ಒಂದು ಹೆಜ್ಜೆಯೂ ಇಲ್ಲ. ಹಾಗೇ ಬಿಟ್ರೆ ಮನೆಯವರೇ ಕದ್ದಿದ್ದು ಅಂತ ಗೊತ್ತಾಗುತ್ತೆ. ಹೊರಗಿನವರು ಬಂದ ಹಾಗೆ ಕಾಣೋಕೆ ಒಂದು ದಾರಿ ಬೇಕಿತ್ತು. ಹಿಮ ಎತ್ತೋ ಹುಡುಗಿ ಇದ್ದಾಳೆ, ತಪ್ಪು ತಾನಾಗಿ ಅವಳ ಮೇಲೆ ಹೋಗುತ್ತೆ. ಅಚ್ಚುಕಟ್ಟಾಗಿ ಕಾಣ್ಲಿ ಅಂತ ಕಾರಿನ ಡಿಕ್ಕಿಯಿಂದ ಉಪ್ಪು ತಂದು ಎರಚಿದ್ರು. ಹೊರಗೆ ಕಾಲೇ ಇಡದವರ ಕಾರಿನ ಡಿಕ್ಕಿ ಮೇಲೆ ಹಿಮ ಯಾಕಿಲ್ಲ? ಎಲ್ಲಾ ಸರಿ ಮಾಡಿದ್ರು, ಒಂದು ಗೊತ್ತಿರ್ಲಿಲ್ಲ. ಇಡೆಲಾ, ಹಿಮ ಇಲ್ಲದೆ ಇರುವಾಗ ಈ ಹಿತ್ತಲನ್ನ ನೋಡದೇ ಇರೋರು ಇಲ್ಲಿ ಯಾರು?"

ಮಿಸೆಸ್ ಬ್ರೆಕೆ ಕ್ಲೇಟನ್ ಕಡೆ ತಿರುಗಿದರು.

"ಪ್ರತಿ ವರ್ಷ ಕರೀತಿದ್ದೆ," ಅಂದರು. "ಗುಲಾಬಿ ಬಿಟ್ಟಿದೆ, ಬಾ ಕ್ಲೇಟನ್, ಅಂತ. ಒಂದು ಬೇಸಿಗೇಲೂ ನೀನು ಬರ್ಲಿಲ್ಲ."

ಕ್ಲೇಟನ್‌ನ ಮುಖ ಕೆಂಪಾಯಿತು. "ಅದು ನಮ್ಮ ಮನೆತನದ್ದು ಅತ್ತೆ! ಚರ್ಚಿನಲ್ಲಿ ಹಳೇ ಸಾಮಾನು ನೋಡೋಕಿಡೋ ಗಾಜಿನ ಪೆಟ್ಟಿಗೆಗೆ ಕೊಟ್ಟುಬಿಡ್ತೀನಿ ಅಂತ ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಅಂದ್ರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ?"

"ನೀನು ಕೇಳಿದ್ರೆ ನಿನಗೇ ಕೊಡ್ತಿದ್ದೆ. ಆ ಮಗೂನ ಕಳ್ಳಿ ಮಾಡೋ ಬದ್ಲು ಕೇಳಬಾರದಾಗಿತ್ತಾ?"

ಬ್ರೋಚ್ ಸಿಕ್ಕಿದ್ದು ಡಿಕ್ಕಿಯಲ್ಲಿ, ಅರ್ಧ ಖಾಲಿಯಾದ ಉಪ್ಪಿನ ಚೀಲದೊಳಗೆ, ಕಾಲುಚೀಲದಲ್ಲಿ ಸುತ್ತಿ. ಪೊಲೀಸರಿಗೆ ಯಾರೂ ಫೋನ್ ಮಾಡಲಿಲ್ಲ. ಮಿಸೆಸ್ ಬ್ರೆಕೆ ಕ್ಲೇಟನ್‌ನ ಬಟ್ಟೆಯ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟರು, ಅಷ್ಟೆ. ರಸ್ಕ್, ತಾನು ಚಾಡಿ ಹೇಳಿದ್ದ ಎರಡು ಮನೆಗಳಿಗೆ ಬರಿತಲೆಯಲ್ಲೇ ಓಡಿದ. ಅವನ ಹಿಂದೆ ಓರ್ವಿಲ್ "ಜೋರಾಗಿ ಹೇಳಿ ರಸ್ಕ್, ಮುಂಚೆ ಹೇಳಿದ್ದಕ್ಕಿಂತ ಜೋರಾಗಿ!" ಎಂದು ಕೂಗಿದರು. ಅಷ್ಟು ಸಂತೋಷ ಅವರಿಗೆ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಮಾರೆನ್ ಮಾತ್ರ ಒಳಗೆ ಬರಲೇ ಇಲ್ಲ. ಅವಳು ಪಾತಿಯ ಬಳಿ ನಿಂತು ಉಪ್ಪು ಬಿದ್ದ ಹಿಮವನ್ನೆಲ್ಲ ಎತ್ತಿ ಓಣಿಗೆ ಎಸೆಯುತ್ತಿದ್ದಳು. ಮಿಸೆಸ್ ಬ್ರೆಕೆ ಬೂಟು ಹಾಕಿಕೊಂಡು ಮೆಟ್ಟಿಲಿಳಿದು, ಮರಳಿನ ಬಕೆಟ್ ಎತ್ತಲಾರದೆ ಎಳೆದುಕೊಂಡೇ ಹೋದರು.

"ನನ್ನದು ತಪ್ಪಾಯ್ತು ಮಗೂ. ಎರಡು ವರ್ಷ ನೋಡಿದವಳನ್ನ ಒಂದು ನಿಮಿಷದಲ್ಲಿ ಅನುಮಾನಿಸಿಬಿಟ್ಟೆ."

ಮಾರೆನ್ ಸಲಿಕೆ ನಿಲ್ಲಿಸಲಿಲ್ಲ. ಅವಳ ಗಲ್ಲದ ಮೇಲೆ ಇನ್ನೂ ನೀರಿತ್ತು. "ಇದು ಕರಗೋ ಮುಂಚೆ ಎತ್ತಬೇಕು ಮಿಸೆಸ್ ಬ್ರೆಕೆ. ಇಲ್ದಿದ್ರೆ ಜೂನ್‌ನಲ್ಲಿ ಒಂದು ಹೂವೂ ಬಿಡಲ್ಲ."

ಮುದುಕಿ ಏಪ್ರನ್ನಿನ ಜೇಬಿನಿಂದ ಕೀಲಿ ತೆಗೆದರು. ಮೆಟ್ಟಿಲಿಗೆ ಹಿಂತಿರುಗಿ, ಎಲ್ಲರೂ ನೋಡುತ್ತಿದ್ದಂತೆ, ಅದನ್ನು ಮೊದಲಿದ್ದ ಹೂಕುಂಡದ ಕೆಳಗೇ ಇಟ್ಟರು.