ಬಿರುಕಿಲ್ಲದ ಉಕ್ಕು

"ಹಾರಬಾರದು!"

ದಾಲ್ವಾ ಎವಾಂದ್ರೊನ ಜೊತೆ ಆಡಿದ ಮೊಟ್ಟಮೊದಲ ಮಾತು ಅದು.

ಅವನೊಡನೆ ಮಾತಾಡಬೇಕೆಂದು ಎಷ್ಟು ತಿಂಗಳು ಕಾದಿದ್ದಳು! ತಾನು ಕೆಲಸ ಮಾಡುವ ದಾಖಲೆ ಕೋಣೆಯ ಗಾಜಿನಾಚೆ, ಹೆಲಿಕಾಪ್ಟರುಗಳು ನಿಲ್ಲುವ ಹ್ಯಾಂಗರಿನಲ್ಲಿ, ಗ್ರೀಸ್ ಮೆತ್ತಿದ ಕೈಯಲ್ಲೇ ಹಣೆ ಒರೆಸಿಕೊಂಡು ನಗುವ ಆ ಮೆಕ್ಯಾನಿಕ್‌ನನ್ನು ನೋಡುತ್ತಾ ದಿನಕ್ಕೊಂದು ನೆಪ ಹುಡುಕುವಳು. ಧೈರ್ಯ ಸಾಲದೆ ಸುಮ್ಮನೆ ಕೂತುಬಿಡುವಳು. ಗುಡ್ಡದ ಮೇಲಿನ ಇಗರ್ಜಿಯಲ್ಲಿ ಸಂತ ಅನ್ನಮ್ಮನ ಮುಂದೆ ಮೇಣದಬತ್ತಿ ಹಚ್ಚಿ, 'ತಾಯೀ, ಒಂದೇ ಒಂದು ಮಾತು ಆಡಿಸು ಸಾಕು' ಎಂದು ಬೇಡಿಕೊಂಡಿದ್ದಳು.

ತಾಯಿ ಆಡಿಸಿದ್ದು ಈ ಮಾತನ್ನು.

ಎವಾಂದ್ರೊ ಹೆಲಿಕಾಪ್ಟರಿನೊಳಗೆ ಸ್ಟ್ರೆಚರ್ ಬಿಗಿಯುತ್ತಿದ್ದವನು ತಿರುಗಿ ನೋಡಿದ. ಓಡಿ ಬಂದ ಏದುಸಿರಿನಲ್ಲಿ ದಾಲ್ವಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಏನಂದ್ರಿ?"

"ಇದು ಹಾರಬಾರದು. ಮೇಲೆ ತಿರುಗೋ ರೆಕ್ಕೆನ ಬುಡದಲ್ಲಿ ಹಿಡಿದಿರೋ ಪಿನ್ ಇದೆಯಲ್ಲ... ಅದರ ಆಯಸ್ಸು ಮುಗಿದಿದೆ."

"ಇನ್ನೂ ಬೇಕಾದಷ್ಟಿದೆ. ನಿನ್ನೆ ನಾನೇ ನೋಡಿದೀನಿ."

"ನಿನ್ನೆಯ ಲೆಕ್ಕ ತಪ್ಪು."

"ಮೇಡಂ, ಪಕ್ಕಕ್ಕೆ ಬನ್ನಿ."

"ಇಲ್ಲ."

ಅವನ ಮುಖ ಕೆಂಪೇರಿತು. "ಅಲ್ಲಿ ಸಮುದ್ರದ ನಡುವೆ ಎದೆ ಹಿಡ್ಕೊಂಡು ಬಿದ್ದಿರೋನು ಯಾರು ಅಂತ ಗೊತ್ತಾ ನಿಮಗೆ? ನನ್ನ ಅಣ್ಣ! ಜಿಲ್ಸನ್! ತೈಲದ ಅಟ್ಟಣೆ ಮೇಲೆ ಅಡುಗೆ ಮಾಡೋನು! ಅವನನ್ನ ಕರ್ಕೊಂಡು ಬರೋಕೆ ಹೊರಟಿರೋದು ಇದು!"

ಗೊತ್ತಿರಲಿಲ್ಲ... ಅವಳಿಗೆ ಗೊತ್ತಿರಲಿಲ್ಲ!

ಆದರೂ ಬಾಗಿಲು ಬಿಡಲಿಲ್ಲ.

"ದೇವರಾಣೆಗೂ ಬಿಡಲ್ಲ," ಎಂದಳು. ತುಟಿ ನಡುಗುತ್ತಿತ್ತು. "ಇದರಲ್ಲಿ ಕೂರೋದು ನಿಮ್ಮಣ್ಣ ಒಬ್ಬರೇ ಅಲ್ಲ. ಇಬ್ಬರು ಪೈಲಟ್‌ಗಳಿದ್ದಾರೆ, ಒಬ್ಬಳು ನರ್ಸ್ ಇದ್ದಾಳೆ..."

ಹ್ಯಾಂಗರಿನ ಮೇಸ್ತ್ರಿ ಅರಿಸ್ತೆವು ಹಿಂದಿನಿಂದ ಬಂದ. ಅವಳ ಕೈಯಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡು ಓದಿದ. ಇನ್ನೊಮ್ಮೆ ಓದಿದ. ಅವನ ಬಿಳಿ ಮೀಸೆ ಇಳಿದುಹೋದಂತೆ ಕಂಡಿತು.

"ಇಂಜಿನ್ ಆರಿಸಿ," ಎಂದ. "ಕಾಬೊ ಫ್ರಿಯೊ ಊರಿಂದ ಬೇರೆ ಹೆಲಿಕಾಪ್ಟರ್ ಕಳಿಸೋಕೆ ಹೇಳ್ತೀನಿ."

ಬೇರೆಯದು ಹೊರಟಿತು. ಆದರೆ ಅಂದು ನೈಋತ್ಯದ ಗಾಳಿ ಎದ್ದಿತ್ತು, ದಾರಿ ಸುತ್ತಾಯಿತು. ಅದು ಅಟ್ಟಣೆ ಮುಟ್ಟುವ ಹೊತ್ತಿಗೆ ಜಿಲ್ಸನ್ ಬದುಕಿರಲಿಲ್ಲ.

ಮೊದಲಿನದೇ ಹೋಗಿದ್ದರೆ ಉಳಿಯುತ್ತಿದ್ದನೇ? ವೈದ್ಯರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ತಪ್ಪು ನಡೆದದ್ದು ಹೀಗೆ. ಹೆಲಿಕಾಪ್ಟರಿನ ಕೆಲವು ಭಾಗಗಳಿಗೆ ಇಷ್ಟೇ ಆಯಸ್ಸು ಎಂದು ಮಾಡಿದವರೇ ಗೊತ್ತುಮಾಡಿರುತ್ತಾರೆ. ಹಾರಿದ ಗಂಟೆಗಳ ಲೆಕ್ಕ ಬೇರೆ, ಇಳಿದು ಏರಿದ ಲೆಕ್ಕ ಬೇರೆ; ರೆಕ್ಕೆ ನಿಲ್ಲಲಿ ಬಿಡಲಿ, ಇಳಿದ ಪ್ರತಿ ಸಲವೂ ಒಂದು. ಈ ಮಕಾಯೆ ಊರಿನ ಪೈಲಟ್‌ಗಳು ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುವವರು. ರೆಕ್ಕೆ ತಿರುಗುತ್ತಿರುವಾಗಲೇ ಜನ ಇಳಿಯುತ್ತಾರೆ, ಹತ್ತುತ್ತಾರೆ, ಮತ್ತೆ ಮೇಲೆ. 'ರೆಕ್ಕೆ ನಿಲ್ಲಲಿಲ್ಲವಲ್ಲ, ಎಲ್ಲ ಸೇರಿ ಒಂದೇ ಸಲ' ಎನ್ನುವುದು ಅವರ ಬಾಯಿರೂಢಿ. ಒಬ್ಬ ಪೈಲಟ್ ಹಾರಾಟದ ದಾಖಲೆಯಲ್ಲೂ ಆ ರೂಢಿಯಂತೆಯೇ ಬರೆದುಬಿಟ್ಟಿದ್ದ. ಪ್ರಯಾಣಿಕರು ಬೇರೆ ಬೇರೆ ಅಟ್ಟಣೆಗಳಲ್ಲಿ ಇಳಿದಿದ್ದಾರೆ, ಇಳಿದ ಲೆಕ್ಕ ಮಾತ್ರ ಒಂದೇ ಇದೆ ಎಂಬುದು ಆ ಬೆಳಿಗ್ಗೆ ದಾಲ್ವಾಳ ಕಣ್ಣಿಗೆ ಬಿತ್ತು. ಹಿಂದಿನ ವಾರಗಳದ್ದನ್ನೂ ಕೂಡಿಸಿದಳು. ಪಿನ್ ತನ್ನ ಆಯಸ್ಸನ್ನು ದಾಟಿ ಹಾರುತ್ತಿತ್ತು.

ಮನುಷ್ಯನ ಆಯಸ್ಸು ಮೇಲಿನವನಿಗೆ ಗೊತ್ತು, ಅವನು ಹೇಳುವುದಿಲ್ಲ. ಉಕ್ಕಿನ ಆಯಸ್ಸು ಮನುಷ್ಯನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದು ಹೇಗೆ?

* * *

ಜಿಲ್ಸನ್ ತೀರಿದ ಏಳನೆಯ ದಿನ ಇಗರ್ಜಿಯಲ್ಲಿ ಅವನಿಗಾಗಿ ನಡೆದ ಬಲಿಪೂಜೆಯ ಪ್ರಾರ್ಥನೆಗೆ ದಾಲ್ವಾ ಹೋದಳು. ಹಿಂದಿನ ಬೆಂಚಿನ ತುದಿಯಲ್ಲಿ, ತಲೆ ತಗ್ಗಿಸಿ ಕೂತಳು. ಪಾದ್ರಿಗಳು ಜಿಲ್ಸನ್‌ನ ಹೆಸರು ಹೇಳಿದಾಗ ಮುಂದಿನ ಸಾಲಿನಿಂದ ಒಂದು ಸಣ್ಣ ಬಿಕ್ಕು ಕೇಳಿತು. ಅದು ಅವನ ತಾಯಿಯದು, ಎಲ್ಲರೂ ಗೌರವದಿಂದ 'ದೋನಾ' ಎಂದು ಕರೆಯುವ ಒದೆತೆಯದು.

ಪೂಜೆ ಮುಗಿದ ಮೇಲೆ ಆ ತಾಯಿಯೇ ಅವಳ ಬಳಿ ಬಂದಳು. ಕೈ ಹಿಡಿದಳು.

"ಇಷ್ಟೊಂದು ಅಳ್ತಿದೀಯಲ್ಲ ಮಗಳೇ... ನನ್ನ ಜಿಲ್ಸನ್ ಮದುವೆ ವಿಷಯ ಅಂದ್ರೆ ನಕ್ಕು ಸುಮ್ಮನಾಗೋನು. ನೀನೇನಾ ಅವನ ಹುಡುಗಿ?"

ಸುಮ್ಮನೆ ಹೌದೆಂದು ತಲೆಯಾಡಿಸಿದ್ದರೆ ಆ ಕೈ ಅವಳ ಕೈಯಲ್ಲೇ ಉಳಿಯುತ್ತಿತ್ತು. ಸುಳ್ಳಾದರೂ ಎಷ್ಟು ಬೆಚ್ಚಗಿತ್ತು!

"ಅಲ್ಲಮ್ಮ... ನಾನು ದಾಲ್ವಾ. ಆ ದಿನ ಹೆಲಿಕಾಪ್ಟರ್ ನಿಲ್ಲಿಸಿದವಳು."

ಒದೆತೆಯ ಕೈ ನಿಧಾನವಾಗಿ ಸಡಿಲವಾಯಿತು. ಅವಳು ದಾಲ್ವಾಳ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಜಪಸರ ಗಟ್ಟಿಯಾಗಿ ಹಿಡಿದುಕೊಂಡು ಮೆಟ್ಟಿಲಿಳಿದು ಹೊರಟುಹೋದಳು.

ಕಂಬದ ಪಕ್ಕದಲ್ಲಿದ್ದ ಎವಾಂದ್ರೊ ಎಲ್ಲವನ್ನೂ ನೋಡಿದ್ದ.

"ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ನಮ್ಮಮ್ಮನ ಎದೆನೇ ಬೇಕಿತ್ತಾ?"

"ನಾನು ಅದಕ್ಕೆ ಬಂದಿದ್ದಲ್ಲ..."

"ಮತ್ಯಾಕೆ? 'ಕೆಲಸ ಉಳಿಸ್ಕೊಳ್ಳೋಕೆ ನಿಲ್ಲಿಸಿದೆ' ಅಂತ ಹೇಳೋಕಾ? ಇನ್ನು ಮೇಲೆ ನಮ್ಮ ಕಣ್ಣಿಗೆ ಬೀಳಬೇಡಿ."

ಕೆಲಸ ಉಳಿಸಿಕೊಳ್ಳೋಕೆ! 'ನೀನೂ ಎಷ್ಟೋ ಸಲ ಪರೀಕ್ಷೆಯ ಹಾರಾಟಕ್ಕೆ ಅದೇ ಹೆಲಿಕಾಪ್ಟರ್ ಹತ್ತುತ್ತೀಯಲ್ಲೋ' ಎಂದು ಹೇಗೆ ಹೇಳುವುದು? ಯಾರಿಗೆ ಹೇಳುವುದು?

ಅಂದಿನಿಂದ ಅವಳು ಜನವಿಲ್ಲದ ಹೊತ್ತಿನಲ್ಲಿ ಇಗರ್ಜಿಗೆ ಹೋಗತೊಡಗಿದಳು.

* * *

ಆಯಸ್ಸು ತೀರಿದ ಭಾಗವನ್ನು ಹಾಗೇ ಎಸೆಯುವಂತಿಲ್ಲ. ಯಾರಾದರೂ ತೊಳೆದು, ಹೊಳಪು ಕೊಟ್ಟು, ಇನ್ನೊಂದು ಹೆಲಿಕಾಪ್ಟರಿಗೆ ಹಾಕಿಬಿಡಬಹುದು. ಅದಕ್ಕೇ ಕತ್ತರಿಸಿ ತುಂಡು ಮಾಡುತ್ತಾರೆ. ಕತ್ತರಿಸುವವನು ಮೆಕ್ಯಾನಿಕ್, ಎದುರು ನಿಂತು ನೋಡಿ ಸಹಿ ಹಾಕುವವಳು ದಾಖಲೆ ಕೋಣೆಯವಳು. ಹೆಣ ನೋಡದೆ ಸಾವು ಬರೆಯುವುದಿಲ್ಲವಲ್ಲ, ಹಾಗೆ.

ಆ ಪಿನ್ ಎವಾಂದ್ರೊನ ಪಾಲಿಗೆ ಬಂತು. ಅವನು ಕತ್ತರಿಸಲಿಲ್ಲ.

ಬದಲಿಗೆ ಬಿರುಕಿದ್ದರೆ ಎದ್ದು ತೋರಿಸುವ ಬಣ್ಣ ಹಚ್ಚಿ, ಒರೆಸಿ, ಭೂತಗನ್ನಡಿ ಹಿಡಿದು ಊಟದ ಹೊತ್ತೆಲ್ಲ ಅದನ್ನೇ ನೋಡಿದ. ಆಮೇಲೆ ಸೀದಾ ಅವಳ ಕೋಣೆಗೆ ಬಂದು ಮೇಜಿನ ಮೇಲಿಟ್ಟ. ಕನ್ನಡಿಯಂತೆ ಹೊಳೆಯುತ್ತಿತ್ತು.

"ನೋಡಿ. ಕೂದಲೆಳೆಯಷ್ಟೂ ಬಿರುಕಿಲ್ಲ."

"ಇರಲ್ಲ," ಎಂದಳು ದಾಲ್ವಾ ಮೆಲ್ಲಗೆ. "ಬಿರುಕು ಬಿಡೋಕೆ ಮುಂಚೆನೇ ತೆಗೀಬೇಕು. ಅದಕ್ಕೇ ಆಯಸ್ಸು ಅಂತ ಇಟ್ಟಿರೋದು."

"ಅಂದ್ರೆ ನಮ್ಮಣ್ಣ ಸತ್ತಿದ್ದು ಗಟ್ಟಿಮುಟ್ಟಾಗಿರೋ ಒಂದು ಉಕ್ಕಿನ ತುಂಡಿಗೋಸ್ಕರ."

ದಾಲ್ವಾ ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಸಣ್ಣ ಬಿರುಕು ಕಂಡಿದ್ದರೂ ಸಾಕಿತ್ತು... 'ನೋಡು, ನಾಲ್ಕು ಜೀವ ಉಳಿಸಿದೆ' ಎನ್ನಬಹುದಿತ್ತು. ದೇವರು ಅವಳಿಗೆ ಅಷ್ಟನ್ನೂ ಕೊಡಲಿಲ್ಲ.

ಪಿನ್ 'ಬಳಸಬಾರದು' ಎಂಬ ಕೆಂಪು ಚೀಟಿ ಕಟ್ಟಿಸಿಕೊಂಡು ಹ್ಯಾಂಗರಿನ ಬೀಗ ಹಾಕಿದ ಜಾಲರಿ ಪಂಜರದಲ್ಲೇ ಉಳಿಯಿತು. ಎವಾಂದ್ರೊ 'ನಾಳೆ' ಎಂದ. ನಾಳೆ ಹೋಗಿ ತಿಂಗಳುಗಳಾದವು. ದಾಲ್ವಾ ಮೇಸ್ತ್ರಿಗೆ ನೆನಪಿಸಿದಳು.

"ಏನಪ್ಪಾ ಎವಾಂದ್ರೊ," ಎಂದ ಅರಿಸ್ತೆವು, "ಆ ಪಿನ್ನಿಗೆ ಜ್ಞಾನಸ್ನಾನ ಮಾಡಿಸಿ, ಹೆಸರಿಟ್ಟು ಸಾಕ್ಕೋಬೇಕು ಅಂತಿದೀಯಾ?"

ಹ್ಯಾಂಗರೆಲ್ಲ ನಕ್ಕಿತು. ಎವಾಂದ್ರೊ ನಗಲಿಲ್ಲ. ಗಾಜಿನಾಚೆ ದಾಲ್ವಾಳೂ ನಗದಿದ್ದುದನ್ನು ಅವನು ಕಂಡ. ಅವಳು ತೆಳ್ಳಗಾಗಿದ್ದಳು. ಕಾಫಿ ಲೋಟ ಮುಂದಿಟ್ಟುಕೊಂಡು ಕುಡಿಯುವುದನ್ನೇ ಮರೆಯುತ್ತಿದ್ದಳು.

'ನನಗೇನು?' ಎಂದುಕೊಂಡ. ಆದರೆ ಮರುದಿನವೂ ನೋಡಿದ. ಅದರ ಮರುದಿನವೂ. ಕೋಪವನ್ನು ಹುಡುಕಿಕೊಂಡು ನೋಡುತ್ತಿದ್ದ, ಅದು ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಬೇರೇನೋ. ಅದಕ್ಕೆ ಹೆಸರಿಡಲು ಅಣ್ಣನ ನೆನಪು ಅಡ್ಡ ಬರುತ್ತಿತ್ತು.

* * *

ಸತ್ತವರ ಹಬ್ಬ ಹತ್ತಿರವಾದಾಗ, ಗುಜರಿ ಕೊಳ್ಳುವ ಸೆಲ್ಸೊ ಎಂದಿನಂತೆ ಹ್ಯಾಂಗರಿಗೆ ಬಂದ. ಎಲ್ಲರೂ ಊಟಕ್ಕೆ ಹೋಗಿದ್ದರು. ಪಂಜರದ ಬೀಗದ ಕೈ ಎವಾಂದ್ರೊನ ಸೊಂಟದಲ್ಲಿತ್ತು.

"ತಮ್ಮಾ, ಆ ಪಿನ್ ಇನ್ನೂ ಇಟ್ಕೊಂಡಿದೀಯಂತೆ? ನನಗೆ ಕೊಡು. ಕಾಗದ ಹೊಸದು ನಾನು ಮಾಡಿಸ್ತೀನಿ."

"ಯಾರಿಗೆ?"

"ಉತ್ತರದಲ್ಲಿ, ಕಾಡಿನ ಊರುಗಳಿಂದ ರೋಗಿಗಳನ್ನ ಹೊತ್ತು ತರೋ ಹೆಲಿಕಾಪ್ಟರ್ ಒಂದಿದೆ. ಇದೊಂದಿಲ್ಲ ಅಂತ ನಿಂತ್ಕೊಂಡಿದೆ ಪಾಪ. ಪುಣ್ಯದ ಕೆಲಸ ಅಂತ ತಿಳ್ಕೊ." ಸೆಲ್ಸೊ ಪಂಜರದ ಜಾಲರಿಗೆ ಮೂಗು ತಾಗಿಸಿ ಇಣುಕಿದ. "ಆಹಾ, ನೋಡು ಹೇಗಿದೆ! ಕೂದಲೆಳೆಯಷ್ಟೂ ಬಿರುಕಿಲ್ಲ."

ಎವಾಂದ್ರೊ ಬೆಚ್ಚಿದ.

ತನ್ನದೇ ಮಾತು! ಅಕ್ಷರ ಅಕ್ಷರವೂ ತನ್ನದೇ... ಈ ಬಾಯಲ್ಲಿ!

"ಆ ರೋಗಿಗಳ ಜೊತೆ ನೀವೂ ಹತ್ತಿ ಕೂರ್ತೀರಾ, ಸೆಲ್ಸೊ?"

"ನಾನ್ಯಾಕೆ ಕೂರ್ಲಿ? ನನಗೇನು ಕಾಯಿಲೆನಾ?" ಅವನು ಹೊಟ್ಟೆ ಕುಲುಕಿಸಿ ನಕ್ಕ. "ತೆಗಿ ತೆಗಿ, ಅಲ್ಲಿ ಜನ ಕಾಯ್ತಿದಾರೆ. ನೀನು ತಡ ಮಾಡಿದಷ್ಟೂ..."

ಅಲ್ಲಿ ಜನ ಕಾಯುತ್ತಿದ್ದಾರೆ. ಯಾರದೋ ಅಣ್ಣ, ಯಾರದೋ ತಾಯಿ. ಕೊಟ್ಟರೆ ಬದುಕಬಹುದು. ಕೊಟ್ಟರೆ ನಡು ಆಕಾಶದಲ್ಲಿ ಎಲ್ಲರೂ ಹೋಗಬಹುದು. ಯಾವುದೆಂದು ಹೇಳುವವರು ಯಾರೂ ಇಲ್ಲ.

ಎವಾಂದ್ರೊ ಪಂಜರದ ಬಾಗಿಲಿಗೆ ಅಡ್ಡ ನಿಂತ.

"ಇಲ್ಲ," ಎಂದ.

"ಹುಚ್ಚಾ ನಿನಗೆ?"

"ಇಲ್ಲ ಅಂದ್ನಲ್ಲ. ಹೊರಡಿ. ಮೇಸ್ತ್ರಿಗೂ ಹೇಳ್ತೀನಿ, ನೀವು ಇನ್ನು ಈ ಬಾಗಿಲು ತುಳಿಯೋದು ಬೇಡ."

ಸೆಲ್ಸೊ ಬಯ್ದುಕೊಂಡು ಹೋದ. ಎವಾಂದ್ರೊನ ಮೊಣಕಾಲು ನಡುಗುತ್ತಿತ್ತು. ಅಂದು ಬಾಗಿಲಲ್ಲಿ ನಿಂತವಳೂ ಹೀಗೇ ನಡುಗುತ್ತಿದ್ದಳು... ಅದನ್ನು ಅವನು ಕಂಡಿದ್ದ, ಕಂಡೂ ನೋಡಿರಲಿಲ್ಲ.

* * *

"ಕತ್ತರಿಸ್ಬೇಕು. ನೀವು ಬರ್ತೀರಾ?"

ದಾಲ್ವಾ ತಲೆಯೆತ್ತಿದಳು. ಬಾಗಿಲಲ್ಲಿ ಎವಾಂದ್ರೊ, ಅಂಗೈಯಲ್ಲಿ ಪಿನ್. ಅವಳು ಎದ್ದು ಹಿಂಬಾಲಿಸಿದಳು.

ಅವನು ಪಿನ್ನನ್ನು ಇಕ್ಕಳದಲ್ಲಿ ಬಿಗಿದ. ಅವಳಿಗೊಂದು ಕಾಪು ಕನ್ನಡಕ ಕೊಟ್ಟ. ಕತ್ತರಿಸುವ ಯಂತ್ರ ಎತ್ತಿಕೊಂಡವನು ಹಾಗೇ ನಿಂತುಬಿಟ್ಟ.

"ಇದನ್ನ ಕತ್ತರಿಸಿದ್ರೆ ಜಿಲ್ಸನ್ ನಿಜವಾಗ್ಲೂ ಹೋಗಿಬಿಡ್ತಾನೆ ಅಂತ ಅನ್ಸೋದು ನನಗೆ..."

"ಅವಸರ ಇಲ್ಲ," ಎಂದಳು ದಾಲ್ವಾ. "ನಾನು ನಿಂತಿರ್ತೀನಿ."

ಶಿಲುಬೆಯ ಗುರುತು ಮಾಡಿಕೊಂಡು ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಆ ಪ್ರಾರ್ಥನೆ ಮುಗಿಯುವವರೆಗೆ ಅವನೂ ತಲೆ ತಗ್ಗಿಸಿದ್ದ. ಆಮೇಲೆ ಕಿಡಿಗಳು ಹಾರಿದವು. ಉಕ್ಕು ಚೀರಿತು. ಎರಡು ತುಂಡು ನೆಲಕ್ಕೆ ಬಿದ್ದವು.

ಒಳಗೂ ಬಿರುಕಿರಲಿಲ್ಲ.

ಇಬ್ಬರೂ ನೋಡಿದರು. ದಾಲ್ವಾ ಸಹಿ ಹಾಕಿ, ಹ್ಯಾಂಗರಿನ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅವನು ಬಂದು ಸ್ವಲ್ಪ ದೂರ ಬಿಟ್ಟು ಕೂತ. ಸೆಲ್ಸೊ ಬಂದದ್ದನ್ನು ಹೇಳಿದ.

"ಇವತ್ತು ನಾನೂ ಒಬ್ಬರಿಗೆ 'ಇಲ್ಲ' ಅಂದೆ. ಅಲ್ಲಿ ಯಾರಿದ್ರೋ ಗೊತ್ತಿಲ್ಲ. ಇನ್ನೂ ಎದೆ ಹೊಡ್ಕೋತಿದೆ... ಇಷ್ಟು ತಿಂಗಳು ನೀವು ಹೇಗೆ ತಡ್ಕೊಂಡ್ರಿ?"

"ತಡ್ಕೊಂಡಿಲ್ಲ."

ಅಷ್ಟು ಹೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ನಡುವಿನ ಜಾಗ ದಾಟಿ ಬಂದ. ಗ್ರೀಸ್ ಮೆತ್ತಿದ ಕೈಯನ್ನು ಹಿಂದೆಮುಂದೆ ನೋಡಿ, ಕೊನೆಗೆ ಹಾಗೆಯೇ ಅವಳ ಕೈ ಹಿಡಿದ.

"ನಾನು ಸರಿ ಮಾಡಿದ್ನಾ ಅಂತ ನನಗೆ ಯಾವತ್ತೂ ಗೊತ್ತಾಗಲ್ಲ, ಎವಾಂದ್ರೊ."

"ನನಗೂ ಗೊತ್ತಾಗಲ್ಲ. ಆದ್ರೆ ಅಲ್ಲಿ ನಿಲ್ಲೋದು ಎಷ್ಟು ಕಷ್ಟ ಅಂತ ಗೊತ್ತಾಯ್ತು. ಇಗರ್ಜಿಲಿ ನಾನು ಅಂದ ಮಾತು... ಕ್ಷಮಿಸ್ತೀಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನ ಮುಖ ನೋಡಿದ್ರೆ ಅಣ್ಣ ನೆನಪಾಗ್ತಾನೆ. ನೋಡದೇ ಇದ್ರೆ... ದಿನ ಹೋಗಲ್ಲ. ಏನ್ಮಾಡ್ಲಿ ಹೇಳು?"

"ನನ್ನನ್ನ ಕೇಳಿದ್ರೆ?" ಅವಳ ದನಿ ಎದ್ದೂ ಏಳದಂತಿತ್ತು. "ನೀನು ನನ್ನ ಜೊತೆ ಮಾತಾಡೋ ಮುಂಚಿಂದಲೂ... ನಾನು ನಿನ್ನನ್ನೇ..."

ಮಾತು ಅಲ್ಲೇ ನಿಂತಿತು. ಅವನಿಗೆ ಅಷ್ಟು ಸಾಕಾಗಿತ್ತು. ಹೊರಟ ಹೆಲಿಕಾಪ್ಟರೊಂದರ ಗಾಳಿ ಬಂದು ಇಬ್ಬರ ಕೂದಲನ್ನೂ ಕೆದರಿ ಹೋಯಿತು.

"ಅಮ್ಮ ನಿನ್ನ ವಿಷಯ ಕೇಳ್ತಾನೇ ಇರ್ತಾಳೆ," ಎಂದ ಅವನು. "'ನನ್ನ ಮುಖಕ್ಕೆ ನಿಜ ಹೇಳಿದ ಆ ಹುಡುಗಿ ಸರಿಯಾಗಿ ಊಟನಾದ್ರೂ ಮಾಡ್ತಾಳೇನೋ' ಅಂತ. ನಾನು ನಿನಗೆ ಹೇಳಿರ್ಲಿಲ್ಲ. ಭಾನುವಾರ ಊಟಕ್ಕೆ ಬಾ."

"ಬಂದ್ರೆ ಅವರಿಗೆ ನೋವಾಗಲ್ವಾ?"

"ಆಗುತ್ತೆ. ಅವಳು ಇವತ್ತಿಗೂ ಮೇಜಿನ ಮೇಲೆ ಅಣ್ಣನದೂ ಸೇರಿ ಮೂರು ತಟ್ಟೆ ಇಡ್ತಾಳೆ. ಬೀನ್ಸ್ ಕಾಳಿನ ಸಾರು ಮೂರಕ್ಕೂ ಬಡಿಸ್ತಾಳೆ. ಆಮೇಲೆ ನೆನಪಾಗಿ ಸುಮ್ಮನಾಗ್ತಾಳೆ."

ದಾಲ್ವಾ ಕಣ್ಣೊರೆಸಿಕೊಂಡಳು.

"ಆ ತಟ್ಟೆ ಮುಂದೆ ನಾನು ಕೂರೋಕಾಗಲ್ಲ, ಎವಾಂದ್ರೊ. ಅದು ನಿಮ್ಮಣ್ಣನದು."

"ಗೊತ್ತು. ಅದು ಹಾಗೇ ಇರುತ್ತೆ," ಎಂದ ಅವನು. "ನಿನಗೆ ಅಂತ ನಾಲ್ಕನೇದು ಇಡ್ತೀನಿ."

"...ಹಾಗಾದ್ರೆ ಬರ್ತೀನಿ."