ನಲವತ್ತಮೂರನೇ ಪೊಟ್ಟಣ

2025ರ ನವೆಂಬರ್ 17, ಸೋಮವಾರ, ಸಂಜೆ 6 ಗಂಟೆ 10 ನಿಮಿಷ. ಸೊರಬ ಠಾಣೆಗೆ ಬಂದ ಮಹಿಳೆ ಬೆಳಿಗ್ಗೆ ಹೊರಗೆ ಹೋಗಿ ಮಧ್ಯಾಹ್ನ ಮರಳುವಷ್ಟರಲ್ಲಿ ತಮ್ಮ ಕೋಣೆಯಲ್ಲಿ ಕಳವಾಗಿದೆ ಎಂದರು. ಏನು ಹೋಗಿದೆ ಎಂದು ಕೇಳಿದರೆ, ಒಂದು ನೋಟ್‌ಬುಕ್ಕು ಮತ್ತು ನಲವತ್ತಮೂರು ಪೊಟ್ಟಣ ಎಂದರು. ಪೊಟ್ಟಣದಲ್ಲಿ ಏನಿತ್ತು ಎಂದರೆ, ಹಾವಸೆ ಎಂದರು. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ರಮ್ಯ ಪೆನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದಳು.

ಇನ್ಸ್‌ಪೆಕ್ಟರ್ ಪರಮಶಿವಪ್ಪ ಶಿಕಾರಿಪುರ ಕಡೆಯವರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅಡಿಕೆ, ಗಂಧ, ಪಂಪ್‌ಸೆಟ್ಟು, ಕೊನೆಗೆ ದೇವರ ಗಂಟೆಯ ಕಳವನ್ನೂ ಕಂಡವರು. ಇದನ್ನು ಕಂಡಿರಲಿಲ್ಲ.

"ಹಾವಸೆ ಅಂದ್ರ ಬಚ್ಚಲ ಕಲ್ಲಿನ ಮ್ಯಾಲೆ ಬೆಳೀತದಲ್ರೀ, ಅದಾ?"

"ಅದರ ನೆಂಟರು ಸಾರ್. ಆದ್ರೆ ಇವು ಬಚ್ಚಲಲ್ಲಿ ಬೆಳೆಯಲ್ಲ. ಚೌಡಿಬಂಡೆ ಬಿಟ್ಟು ಬೇರೆಲ್ಲೂ ನಾನು ನೋಡಿಲ್ಲ."

ದೂರುದಾರರ ಹೆಸರು ವಿನೋದಾ, ವಯಸ್ಸು 44. ಶಿಕಾರಿಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಮೂರು ವರ್ಷದಿಂದ ಉಳವಿಯಲ್ಲೊಂದು ಬಾಡಿಗೆ ಕೋಣೆ ಹಿಡಿದು, ರಜೆ ಸಿಕ್ಕಾಗಲೆಲ್ಲ ಮೇಲಿನ ಕಾನಿಗೆ ಹೋಗುತ್ತಿದ್ದರು. ಗ್ರಾಮದೇವತೆ ಚೌಡಿಯದೆಂದು ಊರವರು ಕೊಡಲಿ ಹಾಕದೆ ಉಳಿಸಿಕೊಂಡ ದಟ್ಟ ಕಾಡು ಅದು. ಅದರ ನೆತ್ತಿಯ ಕಡಿದಾದ ಚೌಡಿಬಂಡೆಯ ಮೇಲೆ ಯಾವ ಹಾವಸೆ, ಯಾವ ಅಪರೂಪದ ಗಿಡ, ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಇದೆ ಎಂದು ಒಂದೊಂದಾಗಿ ದಾಖಲಿಸುತ್ತಿದ್ದರು.

"ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾಲ್ಲೂಕು ಕಚೇರೀಲಿ ಅಹವಾಲು ಸಭೆ ಇದೆ ಸಾರ್. ಚೌಡಿಬಂಡೇನ ಕಲ್ಲು ಗಣಿಗೆ ಕೇಳಿದಾರೆ. ನನ್ನ ದಾಖಲೆ ಕೊಟ್ಟರೆ ತಡೀಬಹುದು. ಕೊಡದಿದ್ರೆ ಕಡತದಲ್ಲಿ ಅದು ಬರೀ ಖರಾಬು ಜಮೀನು."

"ಕಂಪ್ಯೂಟರಿನಾಗ ಇನ್ನೊಂದು ಪ್ರತಿ ಇಲ್ಲೇನ್ರೀ?"

"ಹೆಸರುಗಳಿವೆ. ಜಾಗ ಮಾತ್ರ ಆ ನೋಟ್‌ಬುಕ್ಕಲ್ಲೇ."

"ಯಾಕ?"

ವಿನೋದಾ ಮೇಜಿನ ಮೇಲಿದ್ದ ದೂರಿನ ಹಾಳೆಯನ್ನು ನೇರ ಮಾಡಿದರು. ಜೊತೆಗೆ ಯಾರು ಬರುತ್ತಿದ್ದರು ಎಂದು ಕೇಳಿದಾಗ, "ಉಳವಿಯ ರಾಜಪ್ಪನವರು, ದಾರಿ ತೋರಿಸೋರು. ಅವರ ಮೇಲೆ ಅನುಮಾನ ಇಲ್ಲ" ಎಂದರು.

"ಅನುಮಾನ ಐತೇನು ಅಂತ ನಾನು ಕೇಳ್ಲಿಲ್ರೀ" ಎಂದರು ಇನ್ಸ್‌ಪೆಕ್ಟರ್.

ಅಪರಾಧ ಸಂಖ್ಯೆ 211/2025, ಭಾರತೀಯ ನ್ಯಾಯ ಸಂಹಿತೆ ಕಲಂ 305. ಎಫ್‌ಐಆರ್ ದಾಖಲಾದಾಗ 7 ಗಂಟೆ. ಸಭೆಗೆ ಉಳಿದಿದ್ದು ಅರವತ್ತನಾಲ್ಕು ಗಂಟೆ.

ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಉಳವಿಯ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲ ಮೇಲಿನ ಹೆಂಚಿನ ಸಂದಿಯಲ್ಲಿರುತ್ತಿತ್ತು. ಆ ಸಂಗತಿ ಬೀದಿಯಲ್ಲಿ ಬೀಗವೊಂದನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಲ್ಯಾಪ್‌ಟಾಪ್ ಮೇಜಿನ ಮೇಲೆ ಹಾಗೇ ಇತ್ತು. ಪಂಚರಾಗಿ ಇಬ್ಬರು ಸಹಿ ಮಾಡಿದರು. ಒಬ್ಬರು ಮನೆ ಮಾಲೀಕರು, ಇನ್ನೊಬ್ಬರು ಅರವತ್ತೆರಡು ವರ್ಷದ, ಮಾತು ಕಡಿಮೆಯ ರಾಜಪ್ಪ.

ಗಣಿಗೆ ಅರ್ಜಿ ಹಾಕಿದ್ದ ನಾಗೇಶನನ್ನು ಮಧ್ಯಾಹ್ನ ಠಾಣೆಗೆ ಕರೆಸಲಾಯಿತು. ಲ್ಯಾಪ್‌ಟಾಪ್ ಬಿಟ್ಟು ನೋಟ್‌ಬುಕ್ ಒಯ್ಯುವ ಕಳ್ಳನೆಂದರೆ ಅವನೇ ಇರಬೇಕು ಎಂದು ಇಡೀ ಠಾಣೆಯೇ ತೀರ್ಮಾನಿಸಿತ್ತು.

"ಸೋಮವಾರ ಬೆಳಿಗ್ಗೆ ಎಲ್ಲಿದ್ರಿ?"

"ಶಿಕಾರಿಪುರದಲ್ಲಿ ಸಾರ್. ಸಬ್ ರಿಜಿಸ್ಟ್ರಾರ್ ಆಫೀಸು. ಹತ್ತರಿಂದ ಎರಡರ ತನಕ ಅಲ್ಲೇ."

"ನಿಮ್ಮ ಜನ?"

"ಪಾಚಿ ಕದಿಯಕ್ಕೆ ಜನ ಕಳಿಸ್ಬೇಕಾ ಸಾರ್? ಬಂಡೆ ಒಡೆದ್ರೆ ಪಾಚೀನೂ ಹೋಗ್ತದಲ್ಲ."

ಆ ಕಚೇರಿಯ ಸಿಸಿಟಿವಿ ಅವನ ಮಾತನ್ನೇ ಹೇಳಿತು. ಅವನ ಕೆಲಸಗಾರರ ಫೋನುಗಳೂ ಆ ಹೊತ್ತಿನಲ್ಲಿ ಉಳವಿಯ ಹತ್ತಿರ ಸುಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಇನ್ಸ್‌ಪೆಕ್ಟರ್ ಕೈಯಲ್ಲಿ ಇದ್ದದ್ದು ಸೊನ್ನೆ. ಅವರಿಗೆ ಸಿಟ್ಟು ಬಂದಿತ್ತು, ಅದೂ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಬುಧವಾರ ಬೆಳಿಗ್ಗೆ, ಆದಷ್ಟನ್ನಾದರೂ ಮತ್ತೆ ಬರೆದುಕೊಳ್ಳುತ್ತೇನೆಂದು ವಿನೋದಾ ಬಂಡೆಗೆ ಹೊರಟರು. ರಾಜಪ್ಪನಿಗೆ ಹೇಳಿಕಳಿಸಿದರೆ ಮೈ ಹುಷಾರಿಲ್ಲ ಎಂಬ ಉತ್ತರ ಬಂತು. ರಕ್ಷಣೆಗೆಂದು ರಮ್ಯಳನ್ನು ಜೊತೆಗೆ ಕಳಿಸಲಾಯಿತು. ಕ್ಯಾಸನೂರಿನವಳಾದ ರಮ್ಯ, ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ತಡೆಯುವ ಎಣ್ಣೆ ಹಚ್ಚಿಕೊಳ್ಳದ ಯಾರನ್ನೂ ಕಾನಿನೊಳಗೆ ಬಿಡುವವಳಲ್ಲ. ಇಬ್ಬರೂ ಕೈಕಾಲಿಗೆ ಎಣ್ಣೆ ತಿಕ್ಕಿಕೊಂಡು, ಬಂಡೆಯ ಬುಡದ ಚೌಡಿಕಲ್ಲಿಗೆ ಕೈಮುಗಿದು, ಬೇರು ಹಿಡಿದು ಬಂಡೆ ಹತ್ತಿದರು.

ಬಂಡೆಯಿಂದ ಹೊರಚಾಚಿದ ಮೊದಲ ಅಂಚಿನ ಮೇಲೆ ನಿಂತ ವಿನೋದಾ ಅಲ್ಲೇ ತಡೆದರು. ಒಂದು ಅಂಗೈ ಅಗಲದ ಹಸಿರಿನ ಮೇಲೆ ಅವರ ಕೈ ಹೋಗಿ ಕೂತಿತು.

"ಎಂತಾತು ಮೇಡಂ?"

"ಏನಿಲ್ಲ."

"ಮತ್ತೆ ಕೈ ಯಾಕೆ ಅಡ್ಡ ಇಟ್ಕಂಡ್ರಿ?"

ವಿನೋದಾ ಕೈ ತೆಗೆಯಲಿಲ್ಲ. ರಮ್ಯ ಪಕ್ಕಕ್ಕೆ ಬಗ್ಗಿ ನೋಡಿದಳು. ಹಾವಸೆಯ ಅಂಚಿಗೆ ಹಸಿ ಮಣ್ಣು ಮೆತ್ತಿತ್ತು. ಜಾರದಿರಲೆಂದು ಸಣ್ಣ ಬಿದಿರಿನ ಕಡ್ಡಿಗಳನ್ನು ಬಿರುಕಿಗೆ ಸಿಕ್ಕಿಸಲಾಗಿತ್ತು, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಎರಡು ಮಾರು ಆಚೆ ಅಂಥದೇ ಇನ್ನೊಂದು. ಅದರ ಮೇಲೆ ಮತ್ತೊಂದು. ಹತ್ತು ನಿಮಿಷದಲ್ಲಿ ಏಳು ಸಿಕ್ಕವು. 9 ಗಂಟೆ 40 ನಿಮಿಷಕ್ಕೆ ರಮ್ಯ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು.

ಪರಮಶಿವಪ್ಪ ಏದುಸಿರು ಬಿಡುತ್ತ ಹತ್ತಿ ಬಂದಾಗ 11 ಗಂಟೆ. ಬಂಡೆಗೆ ಒರಗಿ ನಿಂತೇ ವಿಚಾರಣೆ ಶುರು ಮಾಡಿದರು.

"ಇವು ಕಳುವಾದ ಪೊಟ್ಟಣದವೇನ್ರೀ?"

"ಹೌದು. ಶನಿವಾರ, ಭಾನುವಾರ ಕೆರೆದು ತೆಗೆದಿದ್ದು."

"ಪೊಟ್ಟಣದ ಮ್ಯಾಲೆ ಜಾಗ ಬರ್ದಿರ್ತೀರಾ?"

"ನಂಬರ್ ಮಾತ್ರ. ಯಾವ ನಂಬರ್ ಎಲ್ಲೀದು ಅಂತ ನೋಟ್‌ಬುಕ್ಕಲ್ಲಿ."

"ಅದನ್ನ ಓದಿ ಯಾರಾದ್ರೂ ವಾಪಸ್ ಕೂರಿಸಬಹುದಾ?"

"ನನ್ನ ಅಕ್ಷರ ನನ್ನ ವಿದ್ಯಾರ್ಥಿಗಳಿಗೇ ಓದಕ್ಕಾಗಲ್ಲ ಸಾರ್."

"ಅಂದ್ರ ಓದದೇ ಯಾರಿಗೆ ಗೊತ್ತು?"

ವಿನೋದಾ ಬಂಡೆಯ ಕಡೆ ತಿರುಗಿದರು. ರಮ್ಯ ತಗ್ಗಿದ ದನಿಯಲ್ಲಿ ಹೇಳಿದಳು: "ಕಾನಿಂದು ಕಾನಿಗೆ ಅಂತಾರೆ ಸಾರ್ ನಮ್ಮ ಕಡೆ. ಚೌಡಿ ಕಾನಿಂದ ಒಣಗಿದ ಎಲೆ ತಂದ್ರೂ ತಿರುಗಿ ಬಿಟ್ಟು ಬರ್ಬೇಕು. ಗಣಿಯೋರಾದ್ರೆ ಚರಂಡಿಗೆ ಹಾಕ್ತಿದ್ರು."

ವಿನೋದಾ ಅಳುತ್ತಲೇ ಉಳಿದದ್ದನ್ನು ಹೇಳಿದರು. ಏಳು ವರ್ಷದ ಹಿಂದೆ ಫೋಟೋ ತೆಗೆಯುವವರಿಗೆ ರಾಜಪ್ಪನೇ ಕಾನಿನ ಏಕನಾಯಕನ ಬಳ್ಳಿಗಳನ್ನು ತೋರಿಸಿದ್ದ. ಅವರು ಫೋಟೋದ ಜೊತೆಗೆ ಜಾಗವನ್ನೂ ಮೊಬೈಲಿನಲ್ಲಿ ಹರಿಯಬಿಟ್ಟರು. ಸಕ್ಕರೆ ಕಾಯಿಲೆಯ ಔಷಧಿಗೆಂದು ಆ ಬೇರಿಗೆ ಬೇಡಿಕೆಯಿತ್ತು. ತಿಂಗಳೊಳಗೆ ಗುದ್ದಲಿ ಹಿಡಿದು ಬಂದವರು ಬುಡಸಮೇತ ಕಿತ್ತುಕೊಂಡು ಹೋದರು. ಅಂದಿನಿಂದ ರಾಜಪ್ಪ ಯಾರನ್ನೂ ಕಾನಿಗೆ ಕರೆತರಲಿಲ್ಲ. ವಿನೋದಾ ಚೌಡಿಕಲ್ಲಿನ ಮುಂದೆ ಮಾತು ಕೊಟ್ಟ ಮೇಲೆ ಬಂದ. ಜಾಗವೆಲ್ಲ ಒಂದೇ ಪುಸ್ತಕದಲ್ಲಿರುತ್ತದೆ, ಆ ಪುಸ್ತಕ ಯಾರ ಕೈಗೂ ಹೋಗುವುದಿಲ್ಲ ಎಂಬ ಮಾತು.

"ಶನಿವಾರ ಮೊದಲ ಸಲ ಉಳಿದಿದ್ದ ಒಂದೇ ಒಂದು ಏಕನಾಯಕ ತೋರಿಸಿದ್ರು. ಅದರ ಕುಡಿ ನಲವತ್ತಮೂರನೇ ಪೊಟ್ಟಣ. ಭಾನುವಾರ ಸಂಜೆ ನಾನು ಫೋನ್ ಮಾಡಿ, ಪುಸ್ತಕ ಸಭೆಗೆ ಕೊಡ್ತೀನಿ ಅಂದೆ. ಅವರು ಅಲ್ಲಿಗೇ ಫೋನ್ ಇಟ್ಟರು."

ಮಧ್ಯಾಹ್ನ 1 ಗಂಟೆ 15 ನಿಮಿಷಕ್ಕೆ ಜೀಪು ರಾಜಪ್ಪನ ಮನೆ ಮುಂದೆ ನಿಂತಿತು. ಹೆಂಡತಿ ಹೂವಮ್ಮ ಬಾಗಿಲಲ್ಲೇ ಸಿಕ್ಕಳು. "ಎರಡು ದಿನದಿಂದ ಅನ್ನ ಮುಟ್ಟಿಲ್ಲ ಸಾರ್ ಇವ್ರು" ಎಂದಳು. ಹಂಡೆ ಒಲೆಯ ಬೂದಿಯಲ್ಲಿ ನೋಟ್‌ಬುಕ್ಕಿನ ಸುರುಳಿ ತಂತಿ ಸಿಕ್ಕಿತು. ಅದನ್ನು ಎತ್ತಿ ತೋರಿಸಿದಾಗ ರಾಜಪ್ಪ ಎದ್ದು ನಿಂತ.

"ನಾನೇ ತಗಂಡಿದ್ದು. ನಾನೇ ಸುಟ್ಟಿದ್ದು."

"ನಿನ್ನೆ ಪಂಚನಾಮೆಗೆ ನೀವೇ ಸಹಿ ಮಾಡಿದ್ರಲ್ಲ ಯಜಮಾನ್ರ."

"ಮಾಡು ಅಂದ್ರಿ, ಮಾಡ್ದೆ."

"ನಾಳೆ ಬಂಡೆ ಗಣಿಗೆ ಹೋಗ್ತದ. ಗೊತ್ತೇನು?"

"ಚೌಡಿ ಬಂಡೆ ಯಾರು ಒಡೀತಾರೆ ಸಾರ್? ಅರ್ಜಿ ಹಾಕೋರು ನಮ್ಮಜ್ಜನ ಕಾಲದಿಂದ ಅದಾರೆ."

ಇನ್ಸ್‌ಪೆಕ್ಟರ್ ಕಡತದಿಂದ ಪಹಣಿಯ ಪ್ರತಿ ತೆಗೆದು ಮುಂದೆ ಹಿಡಿದರು. "ಓದ್ರಿ. ಇದ್ರಾಗ ಚೌಡಿ ಇಲ್ಲ. ಹಾವಸೆ ಇಲ್ಲ. ಖರಾಬು ಅಂತ ಐತಿ, ಅಷ್ಟೇ. ಅಲ್ಲಿ ಏನೇನೈತಿ ಅಂತ ಹೇಳೋ ದಾಖಲೆ ಒಂದೇ ಇತ್ತು. ಅದನ್ನ ನೀವು ಒಲೆಗೆ ಹಾಕೀರಿ."

ರಾಜಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಆಮೇಲೆ ಜಗಲಿಯ ಮೇಲೆ ಕುಸಿದು ಕೂತ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು, ಮತ್ತು ಬೇಲಿಗೆ ಅದು ಈಗ ಗೊತ್ತಾಗಿತ್ತು. ಪರಮಶಿವಪ್ಪನವರಿಗೆ ಆ ಮುಖ ನೋಡಲಾಗಲಿಲ್ಲ.

"ಸುಟ್ಟಾತಲ್ಲ ಸಾರ್. ಇನ್ನೇನು ಮಾಡಕ್ಕಾಗ್ತದೆ?"

"ನೀವು ಆರೋಪಿ. ಕದ್ದ ಮಾಲು ಎಲ್ಲೆಲ್ಲಿ ಇಟ್ಟೀರಿ ಅಂತ ತೋರಿಸ್ಬೇಕು. ನಾವು ಪಂಚನಾಮೆ ಬರೀತೀವಿ. ಜಾಗ, ಎತ್ತರ, ದಿಕ್ಕು, ಅಳತೆ, ಫೋಟೋ. ಪಂಚರ ಸಹಿ, ಸರ್ಕಾರಿ ಮೊಹರು."

ರಾಜಪ್ಪ ಪಹಣಿಯನ್ನು ಮಡಿಸಿ ವಾಪಸ್ ಕೊಟ್ಟ.

"ಮತ್ತೆ ಜಾಗ ಬರೆದಂಗೇ ಆತಲ್ಲ."

"ಹೌದು."

"ಬರೆದ್ರೆ ಉಳೀತದಾ?"

"ಗೊತ್ತಿಲ್ಲ. ಬರೀದಿದ್ರ ಉಳಿಯಂಗಿಲ್ಲ."

ಹೂವಮ್ಮ ಒಂದು ಚೊಂಬು ನೀರು ತಂದಿಟ್ಟಳು. ಅವನು ಕುಡಿದು, ಎದ್ದು, ಗೋಡೆಯ ಗೂಟದಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. 1 ಗಂಟೆ 50 ನಿಮಿಷಕ್ಕೆ ದಸ್ತಗಿರಿ ಮಾಡಲಾಯಿತು.

3 ಗಂಟೆಗೆ ಇಬ್ಬರು ಪಂಚರ ಎದುರು ಬಂಡೆಯ ಮೇಲೆ ಪಂಚನಾಮೆ ಆರಂಭವಾಯಿತು. ಬೆಳಕು ಇರುವುದು ಆರರವರೆಗೆ. ರಾಜಪ್ಪ ಮುಂದೆ, ಟೇಪು ಹಿಡಿದ ರಮ್ಯ ಹಿಂದೆ. "ಕಳವು ಮಾಲು ಒಂದು: ಬಂಡೆಯ ಉತ್ತರ ಮುಖ, ಚೌಡಿಕಲ್ಲಿನಿಂದ ಹನ್ನೊಂದು ಅಡಿ ಮೇಲೆ." ಇನ್ಸ್‌ಪೆಕ್ಟರ್ ಬರೆದರು. ವಿನೋದಾ ಪ್ರತಿಯೊಂದರ ಹೆಸರು ಹೇಳಿದರು, ಅದನ್ನೂ ಬರೆದರು. ಹದಿನೆಂಟನೆಯದಕ್ಕೆ ಅಂಚಿನಲ್ಲಿ ಕಾಲು ಜಾರಿದ ರಮ್ಯಳ ರಟ್ಟೆಯನ್ನು ಆರೋಪಿಯೇ ಹಿಡಿದು ನಿಲ್ಲಿಸಿದ. ಕೆಳಗೆ ನಲವತ್ತು ಅಡಿ ಪ್ರಪಾತ. ಕೆಲಸ ಮುಂದುವರಿಯಿತು. ಒಮ್ಮೆಯೂ ಅವನು ತಡಕಾಡಲಿಲ್ಲ, ಒಂದು ಜಾಗವನ್ನೂ ಎರಡು ಸಲ ಹುಡುಕಲಿಲ್ಲ.

5 ಗಂಟೆ 50 ನಿಮಿಷಕ್ಕೆ ನಲವತ್ತೆರಡು ಮುಗಿಯಿತು.

"ನಲವತ್ತಮೂರು?" ಎಂದರು ಇನ್ಸ್‌ಪೆಕ್ಟರ್.

"ಒಣಗಿತ್ತು ಸಾರ್. ಎಲ್ಲೋ ಬಿತ್ತು."

"ಅದನ್ನ ಕಿತ್ತ ಬಳ್ಳಿ ಎಲ್ಲೈತಿ?"

ರಾಜಪ್ಪ ನೆಲ ನೋಡಿದ. ಇನ್ಸ್‌ಪೆಕ್ಟರ್ ವಿನೋದಾ ಕಡೆ ತಿರುಗಿದರು. "ನಿಮಗ ಗೊತ್ತಿರಬೇಕಲ್ರೀ? ಶನಿವಾರ ತಾನೇ ನೋಡೀರಿ."

ವಿನೋದಾ ಚೌಡಿಕಲ್ಲನ್ನು ನೋಡಿದರು, ರಾಜಪ್ಪನನ್ನು ನೋಡಿದರು. "ನೋಟ್‌ಬುಕ್ ಇಲ್ಲದೆ ನನಗೆ ನೆನಪಾಗ್ತಿಲ್ಲ ಸಾರ್" ಎಂದರು.

ಸೋಮವಾರದಿಂದ ಆ ಮುದುಕ ಅವರ ಕಡೆ ಕಣ್ಣೆತ್ತಿದ್ದು ಆಗ ಮಾತ್ರ.

ಗುರುವಾರ 11 ಗಂಟೆಗೆ ಪಂಚನಾಮೆಯ ದೃಢೀಕೃತ ಪ್ರತಿ ತಾಲ್ಲೂಕು ಕಚೇರಿಯ ಮೇಜಿನ ಮೇಲಿತ್ತು. ಜಂಟಿ ಸರ್ವೆ ಆಗುವವರೆಗೆ ನಾಗೇಶನ ಅರ್ಜಿಯನ್ನು ತಡೆಹಿಡಿಯಲಾಯಿತು. ಅದೇ ಹೊತ್ತಿಗೆ ರಾಜಪ್ಪನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನಿಗೆ ಸಹಿ ಹಾಕಲು ದೂರುದಾರರೇ ಹೊರಗೆ ಕಾಯುತ್ತಿದ್ದರು.

ಪರಮಶಿವಪ್ಪ ಸಂಜೆ ಕೇಸ್ ಡೈರಿ ತೆರೆದರು. ಕೃತ್ಯಕ್ಕೆ ಪ್ರೇರಣೆ ಎಂದಿದ್ದ ಕಡೆ, "ಹಿಂದೊಮ್ಮೆ ನಂಬಿ ತೋರಿಸಿದ್ದನ್ನು ಕಳೆದುಕೊಂಡಿರುತ್ತಾನೆ" ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಮುಚ್ಚಿದರು:

"ಪೊಟ್ಟಣ ಸಂಖ್ಯೆ 43 ಪತ್ತೆಯಾಗಿಲ್ಲ. ಹುಡುಕುವ ಅಗತ್ಯ ಕಂಡುಬಂದಿರುವುದಿಲ್ಲ."